ತೇಲುವ ಮೊಟ್ಟೆ

ದಾಮ್‌ಗಾನಿನ ನಮ್ಮ ಹಿತ್ತಿಲಲ್ಲಿ ಹದಿನೇಳು ಪಿಸ್ತಾ ಮರ,
ಎಲ್ಲವೂ ಹೆಣ್ಣು.
ಗಂಡುಮರ ಇದ್ದದ್ದು ಖೈರುಲ್ಲಾನ ಗೋಡೆಯಾಚೆ.
ಹೊಸ ಗಾಡಿಗೆ ಶೆಡ್ ಕಟ್ಟಲು ಅದನ್ನವನು ಕಡಿಸಿದ.
ಆ ವರ್ಷ ಕಾಯೇನೋ ಗೊಂಚಲು ಗೊಂಚಲು,
ಒಡೆದರೆ ಒಳಗೆ ಗಾಳಿ.

ಅತ್ತೆ ತೂರಾನ್ ಜಗಳಕ್ಕೆ ಹೋಗಲಿಲ್ಲ.
ನೌರೂಜ್ ಕಳೆದ ಮೂರನೇ ವಾರ ಬಸ್ಸು ಹತ್ತಿ ಎಲ್ಲಿಗೋ ಹೋಗಿ
ದಿಂಬಿನ ಚೀಲದಲ್ಲಿ ಹಳದಿ ಪರಾಗ ತಂದಳು,
ಗೋಧಿಹಿಟ್ಟಿಗೆ ಬೆರೆಸಿ, ಹಳೇ ಕಾಲುಚೀಲಕ್ಕೆ ತುಂಬಿ,
ಕೋಲಿನ ತುದಿಗೆ ಕಟ್ಟಿ ಮರಮರಕ್ಕೂ ತಟ್ಟಿದಳು.
ಸಂಜೆ ಒಳಗೆ ಬಂದಾಗ ಹುಬ್ಬೆಲ್ಲ ಹಿಟ್ಟು.
"ಹದಿನೇಳು ಮದುವೆ ಮಾಡಿಸಿ ಬಂದೆ, ಚಹಾ ಕೊಡು" ಅಂದಳು.

ಶಹ್ರಿವರ್ ತಿಂಗಳ ರಾತ್ರಿ ತಾರಸಿಯಲ್ಲಿ ಮಲಗಿದರೆ
ಟಿಕ್, ಟಿಕ್,
ಚಿಪ್ಪು ಬಿರಿಯುವ ಸದ್ದು.
ಬಾಯಿ ಬಿಟ್ಟದ್ದಕ್ಕೆ ಇಲ್ಲಿ ನಗುವ ಪಿಸ್ತಾ ಅನ್ನುತ್ತಾರೆ,
ಮುಚ್ಚಿಕೊಂಡದ್ದಕ್ಕೆ ಬಾಯಿಕಟ್ಟು.
ಮದುವೆಯಾಗಿ ಬಂದ ಮೊದಲ ವರ್ಷ
ಅತ್ತೆ ನನ್ನನ್ನು ಎರಡನೇ ರಾಶಿಗೆ ಹಾಕಿದ್ದಳು.

ನಾನು ಬಂದರ್ ಲೆಂಗೆಯ ಮೀನುಗಾರನ ಮಗಳು.
ಉಪ್ಪು ನನಗೆ ಬೆವರಿನಷ್ಟು ಹತ್ತಿರ.
ಆದರೂ ಹನ್ನೊಂದು ವರ್ಷ ಈ ಮನೆಯ ಉಪ್ಪಿನ ಡಬ್ಬಿ
ನನ್ನ ಕೈಗೆ ಸಿಕ್ಕಿರಲಿಲ್ಲ.
ಒಲೆ ಬಿಟ್ಟುಕೊಟ್ಟಳು, ಬೀಗದ ಕೈ ಬಿಟ್ಟುಕೊಟ್ಟಳು,
ಮಗನನ್ನೂ ಅರ್ಧ ಬಿಟ್ಟುಕೊಟ್ಟಳು,
ಉಪ್ಪು ಮಾತ್ರ ಅವಳದೇ.

ಸಿಪ್ಪೆ ಸುಲಿದು ತೊಳೆವಾಗ ತೇಲಿದ ಪೊಳ್ಳು ಒಲೆಗೆ,
ಮುಳುಗಿದ್ದು ಚಾಪೆಯ ಮೇಲೆ, ಮೂರು ಬಿಸಿಲು.
ಆಮೇಲೆ ತಾಮ್ರದ ಕೊಪ್ಪರಿಗೆಯಲ್ಲಿ
ಗರ್ಮ್‌ಸಾರಿನ ಕಲ್ಲುಪ್ಪು ಕರಗಿಸಿ
ಹಸಿ ಮೊಟ್ಟೆಯೊಂದನ್ನು ಬಿಡಬೇಕು.
ತಳ ಸೇರಿದರೆ ಇನ್ನೊಂದು ಹಿಡಿ.
ಅದು ಎದ್ದು ಬಂದು ನೆತ್ತಿಯನ್ನು
ನಾಣ್ಯದಷ್ಟು ನೀರಾಚೆ ತೋರಿದರೆ ಸಾಕು.
ಮೊಟ್ಟೆ ಸಾಕ್ಷಿ ಹೇಳುತ್ತದೆ,
ತೀರ್ಪು ಅತ್ತೆಯ ನಾಲಿಗೆಯದು.

ಈ ಸಲ ಮೊಟ್ಟೆ ಎದ್ದಿತು.
ಅವಳು ಬೆರಳದ್ದಿ ಚೀಪಿ ಇನ್ನೊಂದು ಹಿಡಿ ಸುರಿದಳು.
ಮತ್ತೆ ಚೀಪಿದಳು. ಮತ್ತೊಂದು ಹಿಡಿ.
ಮೊಟ್ಟೆ ಅಡ್ಡ ಮಲಗಿ ದೋಣಿಯಂತೆ ತೂಗಿತು.
"ಮೋಸ ಮಾಡಿದ್ದಾರೆ, ಇದು ಉಪ್ಪಲ್ಲ, ಸುಣ್ಣ!"
ನಾನೂ ಬೆರಳದ್ದಿದೆ.
ನನ್ನೂರಿನ ಕಡಲಿಗಿಂತ ಕಹಿ.

ಚಳಿಗಾಲದ ಆ ಜ್ವರ,
ಆಮೇಲೆ ಹುಳಿ ದಾಳಿಂಬೆಯನ್ನೂ
ಮುಖ ಕಿವಿಚದೆ ತಿಂದದ್ದು,
ಕೆಟ್ಟ ಹಾಲಿಗೆ ಸಕ್ಕರೆ ಬೆರೆಸಿ ಕುಡಿದದ್ದು,
ಎಲ್ಲ ಒಂದೊಂದಾಗಿ ತೇಲಿ ಬಂತು.

ನಾನು ಏನೂ ಅನ್ನಲಿಲ್ಲ, ಎರಡು ಕೊಡ ನೀರು ಸುರಿದೆ.
ಅವಳೂ ಏನೂ ಅನ್ನಲಿಲ್ಲ.
ಡಬ್ಬಿಯ ಮುಚ್ಚಳ ಹುಡುಕುತ್ತ ನಿಂತಳು.
ಅದು ಅವಳ ಕೈಯಲ್ಲೇ ಇತ್ತು.

ಹುರಿಯುವಾಗ ಮಾತ್ರ ಸೌಟು ನನ್ನದು, ಕಿವಿ ಅವಳದು.
ಬಾಣಲೆಗೆ ಬೆನ್ನು ಮಾಡಿ ಕುಳಿತು ಕಣ್ಣು ಮುಚ್ಚಿದಳು.
ಮೊದಲು ಒದ್ದೆ ಹೊಳೆಗಲ್ಲು ಉರುಳಿದ ಸದ್ದು.
ನೀರಾರಿ, ಚಿಪ್ಪಿನ ಮೇಲೆ ಉಪ್ಪು ಬೂದಿಯ ಹಾಗೆ ಬೆಳ್ಳಗೆ ಕೂತ ಮೇಲೆ
ಯಾರೋ ಅವಸರದಲ್ಲಿ ಜಪಮಣಿ ಎಣಿಸಿದಂಥ ಸದ್ದು.
"ಈಗ" ಅಂದಳು.
ಇನ್ನೆರಡು ಉಸಿರು ತಡೆದಿದ್ದರೆ ಸೀದುಹೋಗುತ್ತಿತ್ತು.

ಖೈರುಲ್ಲಾನ ಮೊಮ್ಮಗ ಗೋಡೆ ಹತ್ತಿ ಇಳಿದು
ಬಿಸಿಬಿಸಿಯದನ್ನೇ ಜೇಬಿಗೆ ತುಂಬಿಕೊಂಡು ಓಡಿದ.
ಯಾರೂ ತಡೆಯಲಿಲ್ಲ.
ಉಪ್ಪು ತಿಂದವನು, ನೀರು ಕುಡಿದಾನು.

ಬೆಳಿಗ್ಗೆ ಆ ಮೊಟ್ಟೆಯನ್ನೇ
ಟೊಮೆಟೊ ಜತೆ ಕದಡಿ ಅತ್ತೆಯ ಮುಂದಿಟ್ಟೆ.
ರೊಟ್ಟಿ ಮುರಿದು, ಅದ್ದಿ, ನಿಧಾನ ಅಗಿದು,
ನನ್ನ ಮುಖ ನೋಡಿ,
"ಉಪ್ಪು ಹದವಾಗಿದೆ" ಅಂದಳು.

ಹಾಕಲು ಮರೆತಿದ್ದೆ.
ಹೌದಲ್ಲ, ಅಂದೆ.